ಪವರ್ ಆಂಪ್ಲಿಫೈಯರ್: ಮನೆಯ ಸ್ಟೀರಿಯೊಗೆ ಹೊಂದುವ ಆಯ್ಕೆ

ಸ್ಟೀರಿಯೊ ವ್ಯವಸ್ಥೆಯಲ್ಲಿ ಸ್ಪೀಕರನ್ನು ದುಡಿಸುವ ಯಂತ್ರವೇ ಪವರ್ ಆಂಪ್ಲಿಫೈಯರ್. ಸಿಡಿ ಪ್ಲೇಯರ್‌ನಿಂದಲೋ, ಡಿಜಿಟಲ್ ಕಡತವನ್ನು ವಿದ್ಯುತ್ ಸಂಕೇತವಾಗಿಸುವ ಡ್ಯಾಕ್‌ನಿಂದಲೋ ಹೊರಡುವ ಸಂಕೇತ ಸಾಮಾನ್ಯವಾಗಿ 2 ವೋಲ್ಟಿನ ಆಸುಪಾಸಿನದು. ಅದರ ಹಿಂದಿರುವ ಕರೆಂಟು ತೀರ ಅಲ್ಪ, ವೂಫರಿನ ಶಂಕುವನ್ನು ಕೂದಲೆಳೆಯಷ್ಟೂ ಅಲುಗಿಸಲಾರದು. ಆ ಸಂಕೇತದ ಆಕಾರ ಕೆಡದಂತೆ ಅದನ್ನು ಸುಮಾರು 20 ಪಟ್ಟು ಹಿಗ್ಗಿಸಿ, ಜೊತೆಗೆ ಕೆಲವು ಆಂಪಿಯರ್ ಕರೆಂಟನ್ನೂ ಒದಗಿಸುವುದು ಈ ಯಂತ್ರದ ಕೆಲಸ. ವಾಲ್ಯೂಮ್ ಗುಂಡಿ, ಇನ್‌ಪುಟ್ ಬದಲಿಸುವ ಸ್ವಿಚ್ಚು ಇರುವ ಭಾಗ ಪ್ರಿಆಂಪ್ಲಿಫೈಯರ್. ಎರಡೂ ಒಂದೇ ಪೆಟ್ಟಿಗೆಯಲ್ಲಿದ್ದರೆ ಅದಕ್ಕೆ ಇಂಟಿಗ್ರೇಟೆಡ್ ಎನ್ನುತ್ತಾರೆ. ಎಡ, ಬಲ ಚಾನೆಲ್‌ಗಳಿಗೆ ಒಂದೊಂದು ಪೆಟ್ಟಿಗೆ ಬೇರೆಯಾಗಿದ್ದರೆ ಮಾನೋಬ್ಲಾಕ್.

ಯಾವ ಆಂಪ್ಲಿಫೈಯರ್ ಒಳ್ಳೆಯದು ಎಂಬ ಜಗಳಕ್ಕೆ ಅರ್ಧ ಶತಮಾನಕ್ಕೂ ಮೀರಿದ ವಯಸ್ಸು. ವಾಲ್ವ್‌ನವರು ಒಂದು ಕಡೆ, ಟ್ರಾನ್ಸಿಸ್ಟರಿನವರು ಇನ್ನೊಂದು ಕಡೆ, ಈಗ ಡಿ ವರ್ಗದವರು ಮೂರನೆಯ ಕಡೆ. ಈ ಗದ್ದಲದಲ್ಲಿ ಸ್ಪೀಕರಿನ ಸುದ್ದಿ ಬರುವುದು ಕಡೆಯಲ್ಲಿ, ಬರಬೇಕಾದದ್ದು ಮೊದಲಲ್ಲಿ. ಸ್ಪೀಕರ್ ಯಾವುದೆಂದು ನಿಶ್ಚಯಿಸದೆ ಆಂಪ್ಲಿಫೈಯರಿಗೆ ಹಣ ಕೊಡುವುದು ಗಾಡಿ ನೋಡದೆ ಎತ್ತು ಕೊಂಡಂತೆ.

ಎಷ್ಟು ವಾಟ್ ಬೇಕು ಎಂಬುದಕ್ಕೆ ಉತ್ತರ ಸ್ಪೀಕರಿನ ಹಿಂಬದಿಯ ಚೀಟಿಯಲ್ಲೇ ಇರುತ್ತದೆ. ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಎಂಬ ಅಂಕಿಗೆ ಸೆನ್ಸಿಟಿವಿಟಿ ಎಂದು ಹೆಸರು. 86 ಡೆಸಿಬೆಲ್‌ನ ಒಂದು ಜೋಡಿ ಪುಸ್ತಕಕಪಾಟಿನ ಸ್ಪೀಕರ್ ಇದೆ, ಕೇಳುವವರು 3 ಮೀಟರ್ ಆಚೆ ಸೋಫಾದಲ್ಲಿ ಕೂತಿದ್ದಾರೆ ಎಂದುಕೊಳ್ಳೋಣ. ದೂರದಿಂದಾಗಿ ಒಂಬತ್ತೂವರೆ ಡೆಸಿಬೆಲ್ ಕಳೆಯುತ್ತದೆ, ಎರಡು ಸ್ಪೀಕರ್ ಇರುವುದರಿಂದ ಮೂರು ಕೂಡುತ್ತದೆ. ಅಂತೂ ಒಂದೊಂದು ವಾಟಿಗೆ ಕಿವಿಯ ಬಳಿ ಸುಮಾರು 80 ಡೆಸಿಬೆಲ್. ಗೋಡೆಗಳ ಪ್ರತಿಫಲನ ಸೇರಿದರೆ ಇನ್ನೂ ತುಸು ಹೆಚ್ಚು. ಮನೆಯಲ್ಲಿ ನೆಮ್ಮದಿಯಾಗಿ ಕೇಳುವ ಸರಾಸರಿ ಮಟ್ಟ 75 ಡೆಸಿಬೆಲ್ ಎಂದಿಟ್ಟುಕೊಂಡರೆ ಬೇಕಾಗುವುದು ಒಂದು ವಾಟಿನ ಮೂರನೇ ಒಂದು ಭಾಗ! ಸಂಜೆಯೆಲ್ಲ ಕುಮಾರವ್ಯಾಸ ಭಾರತದ ಗಮಕ ಕೇಳುವ ಮನೆಯಲ್ಲಿ ನೂರು ವಾಟಿನ ಆಂಪ್ಲಿಫೈಯರ್ ಹೆಚ್ಚುಪಾಲು ತೂಕಡಿಸುತ್ತಿರುತ್ತದೆ.

ಆದರೆ ಸಂಗೀತ ಸರಾಸರಿಯಲ್ಲಿ ನಿಲ್ಲುವುದಿಲ್ಲ. ಹತ್ತಿಕ್ಕದೆ ಧ್ವನಿಮುದ್ರಿಸಿದ ಯಕ್ಷಗಾನದ ಚಂಡೆಯ ಒಂದು ಪೆಟ್ಟು, ಪಿಯಾನೋದ ಒಂದು ಬಿರುಸಿನ ಸ್ವರ ಸರಾಸರಿಗಿಂತ 20 ಡೆಸಿಬೆಲ್ ಮೇಲೆ ಚಿಮ್ಮಬಲ್ಲದು. ಇಪ್ಪತ್ತು ಡೆಸಿಬೆಲ್ ಎಂದರೆ ನೂರು ಪಟ್ಟು ವಾಟ್. ಮೂರನೇ ಒಂದು ವಾಟ್ ಕ್ಷಣಮಾತ್ರಕ್ಕೆ ಮೂವತ್ತು ವಾಟ್ ಆಗಬೇಕು. ಅದೇ ಕೋಣೆಯಲ್ಲಿ ವಾದ್ಯವೃಂದವನ್ನು ಸಭಾಂಗಣದ ಅಬ್ಬರದಲ್ಲೇ, ಅಂದರೆ 105 ಡೆಸಿಬೆಲ್‌ವರೆಗೆ, ಕೇಳುವ ಹಟ ಇದ್ದರೆ ಲೆಕ್ಕ 300 ವಾಟಿಗೆ ಹೋಗುತ್ತದೆ. ಬಿಬಿಸಿ ತನ್ನ ಹೊರಾಂಗಣ ಪ್ರಸಾರದ ವ್ಯಾನುಗಳಿಗಾಗಿ 1970ರ ದಶಕದಲ್ಲಿ ರೂಪಿಸಿದ ಪುಟ್ಟ ಎಲ್ಎಸ್3/5ಎ ಸ್ಪೀಕರಿನ ಸೆನ್ಸಿಟಿವಿಟಿ ಸುಮಾರು 83. ಇದೇ ಸದ್ದಿಗೆ ಅದು ಎರಡು ಪಟ್ಟು ವಾಟ್ ಕೇಳುತ್ತದೆ. ಪಾಲ್ ಕ್ಲಿಪ್ಶ್ 1946ರಿಂದ ಮಾಡತೊಡಗಿದ, ಕೋಣೆಯ ಮೂಲೆಯಲ್ಲಿ ಅಲ್ಮೇರಾದಂತೆ ನಿಲ್ಲುವ ಕ್ಲಿಪ್ಶ್‌ಹಾರ್ನ್‌ಗೆ ನೂರಕ್ಕೂ ಮೇಲಿನ ಸೆನ್ಸಿಟಿವಿಟಿ. ಅದರ ಮುಂದೆ ಒಂದೆರಡು ವಾಟೇ ದೊಡ್ಡ ಬಂಡವಾಳ.

ಇದರಿಂದ ಅಂಗಡಿಯಲ್ಲಿ ಉಪಯೋಗಕ್ಕೆ ಬರುವ ಒಂದು ಸಂಗತಿ ಹೊಳೆಯುತ್ತದೆ. 50 ವಾಟಿನಿಂದ 100 ವಾಟಿಗೆ ಏರಿದರೆ ಸಿಗುವುದು 3 ಡೆಸಿಬೆಲ್, ಅಂದರೆ ‘ಸ್ವಲ್ಪ ಜೋರಾಯಿತು’ ಅನ್ನಿಸುವಷ್ಟು. ಸದ್ದು ಇಮ್ಮಡಿಯಾದಂತೆ ಕಿವಿಗೆ ತೋರಬೇಕಾದರೆ ವಾಟ್ ಹತ್ತು ಪಟ್ಟಾಗಬೇಕು. 80 ವಾಟಿನ ಪೆಟ್ಟಿಗೆಗೂ 100 ವಾಟಿನ ಪೆಟ್ಟಿಗೆಗೂ ನಡುವಿನ ಅಂತರಕ್ಕೆಂದು ಸಾಲ ಮಾಡುವುದರಲ್ಲಿ ಹುರುಳಿಲ್ಲ.

ಹೆಚ್ಚು ವಾಟ್ ಸ್ಪೀಕರನ್ನು ಸುಡುತ್ತದೆ ಎಂಬ ಭಯ ಅರ್ಧ ಸತ್ಯ. ಸಣ್ಣ ಆಂಪ್ಲಿಫೈಯರನ್ನು ಅದರ ಶಕ್ತಿ ಮೀರಿ ಹಿಂಡಿದಾಗ ಅಲೆಯ ನೆತ್ತಿ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಇದಕ್ಕೆ ಕ್ಲಿಪ್ಪಿಂಗ್ ಎನ್ನುತ್ತಾರೆ. ಪೂರ್ತಿ ಚೌಕವಾದ ಅಲೆಯಲ್ಲಿ, ಅದೇ ಎತ್ತರದ ನಯವಾದ ಅಲೆಗಿಂತ ಎರಡು ಪಟ್ಟು ಶಕ್ತಿ ಇರುತ್ತದೆ. ಮೇಲುಸ್ವರಗಳ ಪಾಲೂ ಹೆಚ್ಚು, ಅದು ಹೋಗಿ ಬೀಳುವುದು ಸೂಕ್ಷ್ಮವಾದ ಟ್ವೀಟರಿನ ತಲೆಗೆ. ಮದುವೆಮನೆಯಲ್ಲಿ ಮೈಕ್ ಸೆಟ್ಟಿನವರ ಹಾರ್ನು ಕಿರಿಚುವುದೂ ಹೆಚ್ಚಾಗಿ ಇದೇ ಕಾರಣಕ್ಕೆ. ಲಂಡನ್ನಿನ ಎನ್ಎಡಿ ಕಂಪನಿ 1978ರಲ್ಲಿ ತಂದ 3020 ಎಂಬ ಅಗ್ಗದ ಇಂಟಿಗ್ರೇಟೆಡ್ ಜಗತ್ತಿನಾದ್ಯಂತ ಹೆಸರು ಮಾಡಿದ್ದರ ಹಿಂದಿನ ಒಂದು ಗುಟ್ಟೂ ಇಲ್ಲೇ ಇತ್ತು. ಕಾಗದದ ಮೇಲೆ ಬರೀ 20 ವಾಟ್. ಆದರೆ ಬಿಯೋರ್ನ್ ಎರಿಕ್ ಎಡ್ವರ್ಡ್‌ಸೆನ್ ಅದನ್ನು ಕ್ಷಣಿಕ ಪೆಟ್ಟುಗಳಿಗೆ ಹೆಚ್ಚು ವಾಟ್ ಕೊಡುವಂತೆ, ಶಕ್ತಿ ತೀರಿದಾಗ ಮೆತ್ತಗೆ ಸೋಲುವಂತೆ ವಿನ್ಯಾಸ ಮಾಡಿದ್ದರು.

ವಾಟಿನ ಅಂಕಿಯನ್ನು ನಂಬುವುದು ಹೇಗೆ ಎಂಬುದು ಬೇರೆಯೇ ಕಥೆ. 1980–90ರ ದಶಕಗಳಲ್ಲಿ ನಮ್ಮಲ್ಲಿ ಟೂ-ಇನ್-ಒನ್ ಕೊಂಡವರಿಗೆ ‘1000 ವಾಟ್ಸ್ ಪಿಎಂಪಿಒ’ ಎಂಬ ಬಂಗಾರದ ಸ್ಟಿಕ್ಕರು ನೆನಪಿರುತ್ತದೆ. ಪಿಎಂಪಿಒ ಅಳೆಯಲು ಒಪ್ಪಿತವಾದ ಯಾವ ಮಾನದಂಡವೂ ಇರಲಿಲ್ಲ. ಬರೆದವರು ಬರೆದದ್ದೇ ವಾಟ್. ಪೆಟ್ಟಿಗೆ ತಿರುಗಿಸಿ ನೋಡಿದರೆ ಹಿಂದೆ ‘230 ವೋಲ್ಟ್, 40 ವಾಟ್’ ಎಂದು ಸಣ್ಣಕ್ಷರದಲ್ಲಿ ಇರುತ್ತಿತ್ತು. ಗೋಡೆಯಿಂದ 40 ವಾಟ್ ಕುಡಿಯುವ ಯಂತ್ರ ಸ್ಪೀಕರಿಗೆ ಸಾವಿರ ಸುರಿಯುವುದು ಯಾವ ಸೀಮೆಯ ಭೌತಶಾಸ್ತ್ರ? ಈ ಪರೀಕ್ಷೆ ಇಂದಿಗೂ ಕೆಲಸಕ್ಕೆ ಬರುತ್ತದೆ. ಅಮೆರಿಕದಲ್ಲಿ ಇಂಥದೇ ಅತಿರೇಕ ತಡೆಯಲು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ನಿಯಮ ತಂದಿತು: ವಾಟ್ ಹೇಳುವಾಗ ಎಷ್ಟು ಓಮ್‌ಗೆ, ಯಾವ ಆವರ್ತನದಿಂದ ಯಾವುದರವರೆಗೆ, ಎಷ್ಟು ವಿರೂಪದೊಂದಿಗೆ ಎಂಬುದನ್ನೂ ಹೇಳಬೇಕು. 2024ರಲ್ಲಿ ಅದನ್ನು ಮತ್ತೆ ಬಿಗಿ ಮಾಡಲಾಯಿತು. ‘8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, ಎರಡೂ ಚಾನೆಲ್ ಒಟ್ಟಿಗೆ’ ಎಂದು ನಮೂದಿಸಿದ 40 ವಾಟ್, ಏನೂ ಹೇಳದ 200 ವಾಟಿಗಿಂತ ದೊಡ್ಡದಿರಬಹುದು. ಹೋಮ್ ಥಿಯೇಟರ್ ರಿಸೀವರುಗಳ ‘ಏಳು ಚಾನೆಲ್‌ಗೆ ನೂರು ವಾಟ್’ ಎಂಬುದು ಬಹಳ ಸಲ ಒಂದೋ ಎರಡೋ ಚಾನೆಲ್ ಮಾತ್ರ ಹಾಡುವಾಗಿನ ಮಾತು.

ವಾಟಿನಷ್ಟೇ ಮುಖ್ಯವಾದದ್ದು ಓಮ್, ಅಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ. ಸ್ಪೀಕರಿನ ಮೇಲೆ ‘8 ಓಮ್’ ಎಂದು ಬರೆದಿದ್ದರೂ ಅದು ಎಲ್ಲ ಸ್ವರಕ್ಕೂ ಎಂಟೇ ಆಗಿರುವುದಿಲ್ಲ. ಒಂದು ಕಡೆ 5ಕ್ಕೆ ಇಳಿದು, ಇನ್ನೊಂದು ಕಡೆ 20 ದಾಟುವುದು ಸಾಮಾನ್ಯ. ಓಮ್ ಇಳಿದಷ್ಟೂ ಆಂಪ್ಲಿಫೈಯರಿನಿಂದ ಹೆಚ್ಚು ಕರೆಂಟ್ ಹೊರಡಬೇಕು. 8 ಓಮ್‌ಗೆ 50, 4 ಓಮ್‌ಗೆ 90 ವಾಟ್ ಕೊಡುವ ಆಂಪ್ಲಿಫೈಯರಿನ ಪವರ್ ಸಪ್ಲೈ ಗಟ್ಟಿಯಾಗಿದೆ ಎಂದರ್ಥ. 4 ಓಮ್‌ನ ಅಂಕಿಯನ್ನೇ ಮುಚ್ಚಿಟ್ಟಿದ್ದರೆ ಅನುಮಾನಿಸಬೇಕು. 1980ರ ದಶಕದ ಅಪೋಜಿ ಸಿಂಟಿಲ್ಲಾ ಎಂಬ ರಿಬ್ಬನ್ ಸ್ಪೀಕರ್ 1 ಓಮ್‌ವರೆಗೆ ಇಳಿದು ಅನೇಕ ಆಂಪ್ಲಿಫೈಯರುಗಳ ಬೆವರಿಳಿಸಿತ್ತು. ಅದನ್ನು ತಾಳಿಕೊಂಡೇ ಅಮೆರಿಕದ ಕ್ರೆಲ್ ಕಂಪನಿ ಹೆಸರು ಗಳಿಸಿತು. ಇಂಗ್ಲೆಂಡಿನ ಕ್ವಾಡ್ ಕಂಪನಿಯ 1957ರ ಎಲೆಕ್ಟ್ರೋಸ್ಟಾಟಿಕ್ ಸ್ಪೀಕರಿನ ತಾಪತ್ರಯ ಇದರ ತದ್ವಿರುದ್ಧ: 33 ವೋಲ್ಟ್ ಮೀರಿದರೆ ಅದರ ಒಳಗೆ ಕಿಡಿ ಹಾರಿ ತೆಳುಹಾಳೆ ಸುಟ್ಟುಹೋಗುವ ಅಪಾಯ. ಅದಕ್ಕೆ ದೊಡ್ಡ ಆಂಪ್ಲಿಫೈಯರ್ ಕಟ್ಟುವುದೆಂದರೆ ಸೊಳ್ಳೆಪರದೆಯ ಮುಂದೆ ಪಂಪ್‌ಸೆಟ್ಟಿನ ಪೈಪು ಹಿಡಿದಂತೆ.

ಇಷ್ಟು ತಿಳಿದ ಮೇಲೆ ಜಾತಿಗಳ ಮಾತು. ಲೀ ಡಿ ಫಾರೆಸ್ಟ್ 1906ರಲ್ಲಿ ಮಾಡಿದ ಮೂರು ಧ್ರುವಗಳ ವಾಲ್ವ್‌ನಿಂದ ಸಂಕೇತವನ್ನು ಹಿಗ್ಗಿಸುವ ವಿದ್ಯೆ ಶುರುವಾಯಿತು. ಹಿಗ್ಗಿಸುವಾಗ ವಿರೂಪವೂ ಸೇರಿಕೊಳ್ಳುತ್ತಿತ್ತು. 1927ರ ಆಗಸ್ಟ್ 2ರ ಬೆಳಗ್ಗೆ ಬೆಲ್ ಲ್ಯಾಬ್ಸ್‌ನ ಎಂಜಿನಿಯರ್ ಹೆರಾಲ್ಡ್ ಬ್ಲ್ಯಾಕ್ ಕೆಲಸಕ್ಕೆಂದು ಹಡ್ಸನ್ ನದಿ ದಾಟುವ ದೋಣಿಯಲ್ಲಿದ್ದಾಗ ಪರಿಹಾರ ಹೊಳೆಯಿತು: ಹೊರಬಂದ ಸಂಕೇತದ ಒಂದು ಪಾಲನ್ನು ತಲೆಕೆಳಗು ಮಾಡಿ ಮತ್ತೆ ಒಳಕ್ಕೆ ಬಿಟ್ಟರೆ ತಪ್ಪು ತಾನಾಗಿ ತಗ್ಗುತ್ತದೆ. ಕೈಯಲ್ಲಿದ್ದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಪುಟದ ಮೇಲೇ ಅವರು ಚಿತ್ರ, ಸಮೀಕರಣ ಬರೆದುಕೊಂಡರು. ನೆಗೆಟಿವ್ ಫೀಡ್‌ಬ್ಯಾಕ್ ಎಂಬ ಈ ತಂತ್ರವಿಲ್ಲದ ಆಂಪ್ಲಿಫೈಯರುಗಳು ಇಂದು ಬೆರಳೆಣಿಕೆಯವು. ಡಿ.ಟಿ.ಎನ್. ವಿಲಿಯಮ್ಸನ್ 1947ರಲ್ಲಿ ವೈರ್‌ಲೆಸ್ ವರ್ಲ್ಡ್ ಪತ್ರಿಕೆಯಲ್ಲಿ ಪ್ರಕಟಿಸಿದ 15 ವಾಟಿನ ವಾಲ್ವ್ ವಿನ್ಯಾಸ ಇದನ್ನು ಹವ್ಯಾಸಿಗಳ ಮೇಜಿಗೆ ತಂದಿತು. 1959ರ ಡೈನಾಕೊ ಸ್ಟೀರಿಯೊ 70 ಕಿಟ್ ಸಾಮಾನ್ಯ ಅಮೆರಿಕನ್ನರ ನಡುಮನೆಗೆ ತಂದಿತು. ಕರ್ನಾಟಕಕ್ಕೂ ಈ ಕಥೆಯಲ್ಲಿ ಒಂದು ಮೂಲೆ ಇದೆ. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಬಿಇಎಲ್ 1961ರಲ್ಲಿ ರೇಡಿಯೊ ವಾಲ್ವ್‌ಗಳನ್ನೂ ಮರುವರ್ಷ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನೂ ತಯಾರಿಸತೊಡಗಿತು.

ವಾಲ್ವ್ ಆಂಪ್ಲಿಫೈಯರಿನ ಸದ್ದು ‘ಬೆಚ್ಚಗೆ’ ಇರುತ್ತದೆ ಎನ್ನುವವರ ಮಾತಿನಲ್ಲಿ ಬರೀ ಭಾವುಕತೆ ಇಲ್ಲ, ಓಮ್‌ನ ನಿಯಮವೂ ಇದೆ. ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನ ಸ್ವಂತ ಒಳರೋಧ ಒಂದು ಓಮ್‌ನ ಹತ್ತನೇ ಒಂದಕ್ಕಿಂತ ಕಡಿಮೆ; ಫೀಡ್‌ಬ್ಯಾಕ್ ಕಡಿಮೆ ಇರುವ ವಾಲ್ವ್‌ನದು 2 ಓಮ್ ಇರಬಹುದು. ಸ್ಪೀಕರ್ ಒಂದು ಸ್ವರದಲ್ಲಿ 6 ಓಮ್, ಮತ್ತೊಂದರಲ್ಲಿ 20 ಓಮ್ ಎಂದುಕೊಂಡರೆ, ಆ 2 ಓಮ್ ತಿನ್ನುವ ಪಾಲು ಎರಡು ಕಡೆಯೂ ಒಂದೇ ಆಗಿರುವುದಿಲ್ಲ. ಲೆಕ್ಕ ಹಾಕಿದರೆ ಒಂದೂವರೆ ಡೆಸಿಬೆಲ್‌ಗೂ ಮೀರಿದ ವ್ಯತ್ಯಾಸ ಬರುತ್ತದೆ. ಅಂದರೆ ಆ ಜೋಡಿ ಯಾರೂ ಕೇಳದೆ ಟೋನ್ ಕಂಟ್ರೋಲ್ ತಿರುಗಿಸಿದೆ. ಒಂದು ಸ್ಪೀಕರಿಗೆ ಅದು ಒಪ್ಪುತ್ತದೆ, ಇನ್ನೊಂದಕ್ಕೆ ಒಪ್ಪುವುದಿಲ್ಲ. 300ಬಿ ಎಂಬ ಹಳೆಯ ಸಿನಿಮಾ ಮಂದಿರದ ವಾಲ್ವ್ ಒಂದೇ ಇರುವ 8 ವಾಟಿನ ಆಂಪ್ಲಿಫೈಯರ್ ಹಾರ್ನ್ ಸ್ಪೀಕರಿನ ಜೊತೆ ಸೊಗಸು, ಎಲ್ಎಸ್3/5ಎ ಜೊತೆ ಬೇಗ ಏದುಸಿರು. ವಾಲ್ವ್ ಕೊಳ್ಳುವವರು ಎರಡು ಮಾತು ಮರೆಯಬಾರದು: ಸ್ಪೀಕರ್ ಜೋಡಿಸದೆ ಅದನ್ನು ಹಾಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು, ಒಳಗಿನ 400 ವೋಲ್ಟ್ ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಕಾದು ಕೂತಿರಬಹುದು.

ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನ ವರ್ಗಗಳನ್ನು ಮರ ಕೊಯ್ಯುವ ಇಬ್ಬರ ಗರಗಸದಿಂದ ಅರ್ಥ ಮಾಡಿಕೊಳ್ಳಬಹುದು. ಒಬ್ಬ ಎಳೆದಾಗ ಇನ್ನೊಬ್ಬ ಬಿಡುತ್ತಾನೆ. ಬಿ ವರ್ಗದ ಎರಡು ಟ್ರಾನ್ಸಿಸ್ಟರುಗಳೂ ಹೀಗೆಯೇ, ಅಲೆಯ ಮೇಲರ್ಧ ಒಂದಕ್ಕೆ, ಕೆಳಗಿನರ್ಧ ಇನ್ನೊಂದಕ್ಕೆ. ಕೈ ಬದಲಾಗುವ ಕ್ಷಣದಲ್ಲಿ ಗರಗಸ ತಡವರಿಸಿದರೆ ಅದೇ ಕ್ರಾಸ್‌ಓವರ್ ವಿರೂಪ. ಮೆಲುದನಿಯಲ್ಲಿ ಇದು ಎದ್ದು ಕೇಳುತ್ತದೆ. ಮೊದಮೊದಲ ಟ್ರಾನ್ಸಿಸ್ಟರ್ ಆಂಪ್ಲಿಫೈಯರುಗಳಿಗೆ ಬಂದ ಕೆಟ್ಟ ಹೆಸರಿಗೆ ದೊಡ್ಡ ಕಾರಣವೂ ಇದೇ. ಇಬ್ಬರೂ ಸದಾ ಹಿಡಿಯನ್ನು ತುಸು ಬಿಗಿಯಾಗಿಯೇ ಹಿಡಿದಿದ್ದರೆ ತಡವರಿಕೆ ಇಲ್ಲ. ಅದು ಎಬಿ ವರ್ಗ, ದಶಕಗಳಿಂದ ಮಾರುಕಟ್ಟೆಯ ಬಹುಪಾಲು. ಇಬ್ಬರೂ ಪೂರ್ತಿ ಬಲದಿಂದ ಎಡೆಬಿಡದೆ ಹಿಡಿದೇ ಇರುವುದು ಎ ವರ್ಗ.

ಎ ವರ್ಗದ ಬೆಲೆ ಬಿಸಿಯಲ್ಲಿ ಕಟ್ಟಬೇಕು. ಹೀಗೆ ಇಬ್ಬರು ಸೇರಿ ದುಡಿಯುವ ಪುಷ್‌ಪುಲ್ ಜೋಡಣೆಯಲ್ಲಿ ಅದರ ದಕ್ಷತೆಯ ಗರಿಷ್ಠ ಮಿತಿ ಶೇ 50. ಚಾನೆಲ್‌ಗೆ 25 ವಾಟ್ ಕೊಡುವ ಯಂತ್ರ ಗೋಡೆಯಿಂದ ಸುಮಾರು 200 ವಾಟ್ ಎಳೆಯುವುದು ವಿಶೇಷವೇನಲ್ಲ. ವಿಚಿತ್ರವೆಂದರೆ ಸುಮ್ಮನಿರುವಾಗ ಅದು ಇನ್ನಷ್ಟು ಕಾಯುತ್ತದೆ, ಏಕೆಂದರೆ ಸ್ಪೀಕರಿಗೆ ಹೋಗಬೇಕಾದ ಶಕ್ತಿಯೂ ಹೀಟ್ ಸಿಂಕಿನಲ್ಲೇ ಉಳಿಯುತ್ತದೆ. ದಿನಕ್ಕೆ ನಾಲ್ಕು ಗಂಟೆ ಕೇಳಿದರೆ ತಿಂಗಳಿಗೆ 24 ಯೂನಿಟ್. ರಾಯಚೂರಿನ ಏಪ್ರಿಲ್‌ನಲ್ಲಿ ಅದರ ಪಕ್ಕ ಕೂರಲು ಬೇರೆಯದೇ ಭಕ್ತಿ ಬೇಕು. ಆದರೂ ಜಾನ್ ಲಿನ್ಸ್‌ಲಿ ಹುಡ್ 1969ರಲ್ಲಿ ವೈರ್‌ಲೆಸ್ ವರ್ಲ್ಡ್‌ನಲ್ಲಿ ಬರೆದ, ಚಾನೆಲ್‌ಗೆ ನಾಲ್ಕೇ ಟ್ರಾನ್ಸಿಸ್ಟರಿನ 10 ವಾಟಿನ ಎ ವರ್ಗದ ಆಂಪ್ಲಿಫೈಯರನ್ನು ಹವ್ಯಾಸಿಗಳು ಇಂದಿಗೂ ಕಟ್ಟುತ್ತಿದ್ದಾರೆ.

ಡಿ ವರ್ಗದ ‘ಡಿ’ ಡಿಜಿಟಲ್‌ನ ಮೊದಲಕ್ಷರವಲ್ಲ. ಸಿ ಆದ ಮೇಲೆ ಬಂತು, ಅಷ್ಟೇ. ಇಲ್ಲಿ ಟ್ರಾನ್ಸಿಸ್ಟರ್ ಸ್ವಿಚ್ಚಿನಂತೆ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಪೂರ್ತಿ ತೆರೆದು ಪೂರ್ತಿ ಮುಚ್ಚುತ್ತದೆ, ತೆರೆದಿರುವ ಅವಧಿಯ ಏರಿಳಿತವೇ ಸಂಗೀತವಾಗುತ್ತದೆ. ಅರೆತೆರೆದ ಸ್ಥಿತಿ ಇಲ್ಲದ್ದರಿಂದ ಬಿಸಿ ಕಡಿಮೆ, ದಕ್ಷತೆ ಶೇ 90ರ ಆಸುಪಾಸು. ಕ್ಲೈವ್ ಸಿಂಕ್ಲೇರ್ 1964ರಲ್ಲೇ ಎಕ್ಸ್-10 ಎಂಬ ಕಿಟ್ ಮಾರಿದ್ದರು; ಆ ಕಾಲದ ಟ್ರಾನ್ಸಿಸ್ಟರಿಗೆ ಅಷ್ಟು ಚುರುಕು ಇರಲಿಲ್ಲ. ಚುರುಕು ಬಂದ ಮೇಲೂ ಒಂದು ಕೊರತೆ ಉಳಿಯಿತು. ಔಟ್‌ಪುಟ್‌ನ ಫಿಲ್ಟರ್ ಫೀಡ್‌ಬ್ಯಾಕ್‌ನ ಹೊರಗಿದ್ದುದರಿಂದ ಸ್ಪೀಕರ್ ಬದಲಾದರೆ ಮೇಲುಸ್ವರವೂ ಬದಲಾಗುತ್ತಿತ್ತು. ಬೆಲ್ಜಿಯಂನ ಬ್ರೂನೊ ಪುಟ್ಜೆಸ್ ಫಿಲಿಪ್ಸ್‌ನಲ್ಲಿದ್ದಾಗ ಆ ಫಿಲ್ಟರನ್ನೂ ಫೀಡ್‌ಬ್ಯಾಕ್‌ನ ಸುತ್ತಿನೊಳಗೆ ತಂದರು. ಅನಂತರ ಹೈಪೆಕ್ಸ್, ಪ್ಯೂರಿಫೈ ಕಂಪನಿಗಳ ಮಾಡ್ಯೂಲ್‌ಗಳಲ್ಲಿ ಅದನ್ನೇ ತಿದ್ದಿ ತೀಡಿದರು. ಅವುಗಳ ವಿರೂಪ ಈಗ ಅಳೆಯುವ ಉಪಕರಣಕ್ಕೇ ಸವಾಲಾಗುವಷ್ಟು ಕಡಿಮೆ. ಕೆಲವು ಸಾವಿರ ರೂಪಾಯಿಗೆ ಸಿಗುವ ಅಂಗೈಯಗಲದ ಡಿ ವರ್ಗದ ಪೆಟ್ಟಿಗೆಗಳಲ್ಲಿ ಮಾತ್ರ ಹಳೆಯ ಕೊರತೆ ಇನ್ನೂ ಇರುತ್ತದೆ. ಅವುಗಳ ಜೊತೆ ಬರುವ ಅಡಾಪ್ಟರ್ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಎಂದು ಗುಣಿಸಿ ನೋಡಿದರೆ ಡಬ್ಬಿಯ ಮೇಲಿನ ವಾಟಿನ ಸತ್ಯ ಹೊರಬರುತ್ತದೆ.

ಹಾಗಾದರೆ ಇವುಗಳ ನಡುವಿನ ವ್ಯತ್ಯಾಸ ಕಿವಿಗೆ ನಿಜವಾಗಿ ಕೇಳುತ್ತದೆಯೇ? 1978ರಲ್ಲಿ ಧ್ವನಿ ಎಂಜಿನಿಯರ್ ಜೇಮ್ಸ್ ಮೊಯರ್ ಕ್ವಾಡ್ ಕಂಪನಿಯ ಮೂರು ತಲೆಮಾರುಗಳನ್ನು ಪರೀಕ್ಷೆಗಿಟ್ಟರು: 1953ರ ವಾಲ್ವ್‌ನ ಕ್ವಾಡ್ 2, 1967ರ ಟ್ರಾನ್ಸಿಸ್ಟರಿನ 303, 1975ರ 405. ಯಾವುದು ಹಾಡುತ್ತಿದೆ ಎಂದು ತಿಳಿಯದೆ ಕೇಳಿದವರ ಉತ್ತರ ನಾಣ್ಯ ಚಿಮ್ಮಿದ್ದಕ್ಕಿಂತ ಮೇಲಾಗಲಿಲ್ಲ. 1987ರ ಜನವರಿಯಲ್ಲಿ ಅಮೆರಿಕದ ಸ್ಟೀರಿಯೊ ರಿವ್ಯೂ 220 ಡಾಲರಿನ ರಿಸೀವರಿನಿಂದ 12,000 ಡಾಲರಿನ ವಾಲ್ವ್ ಜೋಡಿಯವರೆಗೆ ಹೀಗೆಯೇ ಕೇಳಿಸಿತು, ಫಲಿತಾಂಶವೂ ಹೀಗೆಯೇ. ಇವೆರಡಕ್ಕಿಂತ ಸ್ವಾರಸ್ಯದ್ದು ಆಂಪ್ಲಿಫೈಯರ್ ತಯಾರಕ ಬಾಬ್ ಕಾರ್ವರ್ ಅವರ ಪ್ರಸಂಗ. 1985ರಲ್ಲಿ ಅವರು ಸ್ಟೀರಿಯೊಫೈಲ್ ಪತ್ರಿಕೆಯ ಸಂಪಾದಕರಿಗೆ, ನೀವು ಮೆಚ್ಚುವ ದುಬಾರಿ ವಾಲ್ವ್ ಆಂಪ್ಲಿಫೈಯರಿನ ಸದ್ದನ್ನು ನನ್ನ ಅಗ್ಗದ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನಲ್ಲಿ ಹೊರಡಿಸುತ್ತೇನೆ ಎಂದು ಸವಾಲು ಹಾಕಿದರು. ಸಾಂತಾಫೆಯ ಮೋಟೆಲ್ ಕೋಣೆಯಲ್ಲಿ ಎರಡು ದಿನ ಕೂತು, ಎರಡು ಯಂತ್ರಗಳ ಔಟ್‌ಪುಟ್‌ಗಳನ್ನು ಒಂದರಿಂದೊಂದು ಕಳೆದು, ಉಳಿಕೆ 70 ಡೆಸಿಬೆಲ್ ಕೆಳಗೆ ಹೋಗುವವರೆಗೆ ತಿದ್ದಿದರು. ಸಂಪಾದಕರು ವ್ಯತ್ಯಾಸ ಹಿಡಿಯಲಾಗಲಿಲ್ಲವೆಂದು ಒಪ್ಪಿ ಬರೆದರು. ವಾಲ್ವ್‌ನ ಮಾಯೆ ಎನ್ನಿಸಿದ್ದರಲ್ಲಿ ಬಹುಪಾಲು ಆ 2 ಓಮ್‌ನಂಥ ಸಾದಾ ಲಕ್ಷಣಗಳೇ ಆಗಿದ್ದವು.

ಈ ಪರೀಕ್ಷೆಗಳನ್ನು ಒಪ್ಪದವರು ಇದ್ದಾರೆ, ಇರುತ್ತಾರೆ. ಆದರೆ ಅಂಗಡಿಯ ಹೋಲಿಕೆಗಳಲ್ಲಿ ಅವರೂ ತಪ್ಪುವ ಒಂದು ಜಾಗ ಇದೆ: ತುಸು ಜೋರಾಗಿ ಹಾಡಿದ್ದೇ ಕಿವಿಗೆ ಚೆನ್ನ. ಅರ್ಧ ಡೆಸಿಬೆಲ್ ಹೆಚ್ಚಿದ್ದರೆ ಅದು ‘ಜೋರು’ ಎನ್ನಿಸುವುದಿಲ್ಲ, ‘ಸ್ಪಷ್ಟ’ ಎನ್ನಿಸುತ್ತದೆ. ಸರಿಯಾಗಿ ಹೋಲಿಸಬೇಕಾದರೆ ಒಂದೇ ಆವರ್ತನದ ಟೋನ್ ಹಾಡಿಸಿ, ಸ್ಪೀಕರಿನ ಕಂಬಿಗಳ ಮೇಲೆ ಮಲ್ಟಿಮೀಟರ್ ಇಟ್ಟು ಎರಡೂ ಆಂಪ್ಲಿಫೈಯರುಗಳ ವೋಲ್ಟ್ ಸಮ ಮಾಡಬೇಕು. ಒಂದರಲ್ಲಿ 2.00 ಇದ್ದರೆ ಇನ್ನೊಂದರಲ್ಲಿ 2.02 ದಾಟಬಾರದು. ಟೋನ್ 100 ಹರ್ಟ್ಸ್‌ನಷ್ಟಿರಲಿ. ಅಗ್ಗದ ಮೀಟರುಗಳು 1 ಕಿಲೋಹರ್ಟ್ಸ್‌ನಲ್ಲಿ ಸುಳ್ಳು ಹೇಳುತ್ತವೆ.

ಕೊಳ್ಳುವ ಮುನ್ನ ನೋಡಬೇಕಾದ ಉಳಿದವು ಸಣ್ಣವು, ಆದರೆ ದಿನವೂ ಕಾಡುವಂಥವು. ಹಾಡಿಲ್ಲದಾಗ ಟ್ವೀಟರಿಗೆ ಕಿವಿ ಕೊಟ್ಟರೆ ‘ಸ್ಸ್’ ಎಷ್ಟು, ಟ್ರಾನ್ಸ್‌ಫಾರ್ಮರಿನ ಗುಂಯ್ ಎಷ್ಟು ಎಂದು ನೋಡಬೇಕು. ಹೈ ಸೆನ್ಸಿಟಿವಿಟಿ ಸ್ಪೀಕರಿನವರಿಗಂತೂ ಇದು ವಾಟಿಗಿಂತ ಮುಖ್ಯ. ವಿದೇಶದಿಂದ ನೆಂಟರು ತಂದುಕೊಡುವ ಯಂತ್ರ ಅಮೆರಿಕದ್ದಾದರೆ 120 ವೋಲ್ಟ್, ಜಪಾನಿನದಾದರೆ 100 ವೋಲ್ಟ್. ನೇರ ನಮ್ಮ 230ಕ್ಕೆ ಚುಚ್ಚಿದರೆ ಅಲ್ಲಿಗೆ ಮುಗಿಯಿತು. ಹಳೆಯದನ್ನು ಕೊಳ್ಳುವವರು ಇನ್‌ಪುಟ್ ಏನೂ ಇಲ್ಲದಾಗ ಸ್ಪೀಕರ್ ಟರ್ಮಿನಲ್ಲುಗಳ ಡಿಸಿ ವೋಲ್ಟ್ ಅಳೆಯುವುದು ಒಳಿತು, 50 ಮಿಲಿವೋಲ್ಟಿಗಿಂತ ಕಡಿಮೆ ಇದ್ದರೆ ನೆಮ್ಮದಿ. ಮೂವತ್ತು ವರ್ಷ ದಾಟಿದ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಬದಲಿಸುವ ಖರ್ಚನ್ನು ಬೆಲೆಗೆ ಸೇರಿಸಿಯೇ ಚೌಕಾಸಿ ಮಾಡಬೇಕು. ಎಬಿ ವರ್ಗದ ಹಳೆಯ ಬೋರ್ಡನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಹುಡುಕಿ ರಿಪೇರಿ ಮಾಡಿಸಬಹುದು; ಡಿ ವರ್ಗದ ಮಾಡ್ಯೂಲ್ ಕೆಟ್ಟರೆ ಹೆಚ್ಚಿನ ಸಲ ಇಡೀ ಮಾಡ್ಯೂಲನ್ನೇ ಬದಲಿಸಬೇಕು.

ಇಡುವ ಜಾಗವೂ ಆಯ್ಕೆಯ ಒಂದು ಭಾಗವೇ. ಗಾಜಿನ ಬಾಗಿಲಿನ ಶೋಕೇಸಿನೊಳಗೆ ಡಿ ವರ್ಗದ್ದು ಬದುಕಿಕೊಳ್ಳುತ್ತದೆ, ಎ ವರ್ಗದ್ದಕ್ಕೂ ವಾಲ್ವ್‌ನದಕ್ಕೂ ಮೇಲೆ ಗೇಣುದ್ದವಾದರೂ ಖಾಲಿ ಬಿಡಬೇಕು. ಕರಾವಳಿಯ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಹಚ್ಚದೆ ಬಿಟ್ಟ ಆಂಪ್ಲಿಫೈಯರಿನ ರಿಲೇ ಕಿಲುಬು ಹಿಡಿದು ಒಂದು ಚಾನೆಲ್ ಮೌನವಾಗುವುದುಂಟು. ವಾಲ್ಯೂಮ್ ತುಸು ಏರಿಸಿದಾಗ ಅದು ಚಟ್ಟನೆ ಮರಳಿ ಬಂದರೆ ದೋಷ ರಿಲೇಯದೇ ಇರಬೇಕು ಎಂದು ಗುರುತಿಸುತ್ತಾರೆ. ಇನ್ನು ಬೆಚ್ಚಗಿನ ಜಾಗ ಹುಡುಕಿ ಗಾಳಿಕಿಂಡಿಯಿಂದ ಒಳನುಸುಳುವ ಹಲ್ಲಿ, ಪವರ್ ಸಪ್ಲೈಯ ಎರಡು ಗೆರೆಗಳ ನಡುವೆ ಕಾಲಿಟ್ಟಿತೆಂದರೆ, ಯಾವ ವರ್ಗದ್ದಾದರೂ ಮೊದಲು ಹೋಗುವುದು ಫ್ಯೂಸ್.